ನೈಋತ್ಯದ ಮನೆ

ಸತ್ಯವತಿ ಮಗಳ ಮನೆಯನ್ನು ಕಂಡಿದ್ದು ಮೊಬೈಲಿನಲ್ಲಿ ಮಾತ್ರ. ರಾಗಿಣಿ ಮದುವೆಯಾಗಿ ಕೆಂಗೇರಿ ಉಪನಗರಕ್ಕೆ ಹೋಗಿ ಎರಡು ವರ್ಷವಾಗುತ್ತ ಬಂದಿತ್ತು. ಅವಳು ವಿಡಿಯೋ ಕಾಲ್ ಮಾಡಿ ಅಡುಗೆಮನೆ ತೋರಿಸುತ್ತಿದ್ದಳು, ಹೊಸದಾಗಿ ಹಾಕಿಸಿದ ಪರದೆ ತೋರಿಸುತ್ತಿದ್ದಳು, ಬಾಲ್ಕನಿಯಲ್ಲಿ ಬೆಳೆಸಿದ ದೊಡ್ಡಪತ್ರೆಯನ್ನು ಹತ್ತಿರ ಹಿಡಿದು, "ನೋಡಮ್ಮ, ತಂಬುಳಿಗೆ ಆಗುವಷ್ಟು ಬಂದಿದೆ" ಅನ್ನುತ್ತಿದ್ದಳು. ಸತ್ಯವತಿಯ ಮನೆಯಿದ್ದ ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ಕೆಂಗೇರಿ ಅರ್ಧ ಗಂಟೆಯ ದಾರಿ. ಆ ಅರ್ಧ ಗಂಟೆಯ ದಾರಿಯನ್ನು ಸತ್ಯವತಿ ಒಮ್ಮೆಯೂ ದಾಟಿರಲಿಲ್ಲ. ಮಗಳು ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ದಿನ ಜ್ವರ ಎಂದಳು. ಗೌರಿ ಹಬ್ಬಕ್ಕೆ ಬಾಗಿನವನ್ನು ಗಂಡನ ಕೈಲಿ ಕಳಿಸಿದಳು. ಬೀಗಿತ್ತಿಯೇ ಫೋನ್ ಮಾಡಿ ಕರೆದಾಗ ಸೀರೆ ಕೆಲಸ ಬಹಳ ಇದೆ ಎಂದಳು.

ಕೆಲಸ ಇದ್ದದ್ದೂ ಸುಳ್ಳಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಕೂತು ಸೀರೆಗೆ ಫಾಲ್ ಹಚ್ಚುವುದು, ಕುಚ್ಚು ಕಟ್ಟುವುದು ಅವಳ ಉದ್ಯೋಗ. ಮದುವೆಯ ಕಾಲದಲ್ಲಿ ಗೋಡೆಯುದ್ದಕ್ಕೂ ರೇಷ್ಮೆ ಸೀರೆಗಳು ಜೋತಾಡುತ್ತಿದ್ದವು. ಆದರೆ ಅವಳು ಹೋಗದೆ ಇದ್ದದ್ದಕ್ಕೆ ಕಾರಣ ಬೇರೆ. ಅದು ಪೂರ್ತಿ ಗೊತ್ತಿದ್ದದ್ದು ಗಂಡ ವೆಂಕಟಗಿರಿಗೆ ಮತ್ತು ತಾಯಿ ಪಾಪಮ್ಮನಿಗೆ. ರಾಗಿಣಿಗೆ ಅರ್ಧ ಮಾತ್ರ ಗೊತ್ತಿತ್ತು. ಅಮ್ಮನಿಗೆ ಆ ದಿಕ್ಕು ಆಗಿಬರುವುದಿಲ್ಲ ಎಂದಷ್ಟೇ.

ಸತ್ಯವತಿ ಚಿಕ್ಕವಳಿದ್ದಾಗ ಅವರ ಮನೆ ಸುಂಕದಕಟ್ಟೆಯಲ್ಲಿತ್ತು. ಆಗ ಸುಂಕದಕಟ್ಟೆ ಎಂದರೆ ಹೊಲ, ಹುಣಸೆಮರ, ಮಾಗಡಿ ರಸ್ತೆಯಲ್ಲಿ ಯಾವಾಗಲೋ ಬರುವ ಒಂದು ಬಸ್ಸು. ಬೇಸಿಗೆ ರಜೆಗೆ ಅವಳು ಕೆಂಗೇರಿಯ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಶಾಲೆ ಶುರುವಾಗುವ ಮುಂಚೆ ಮಗಳನ್ನು ಕರೆತರಲು ಅಪ್ಪ ರಾಮಯ್ಯ ಸೈಕಲ್ಲಿನಲ್ಲಿ ಹೊರಟರು. ಅವಳು ತಲೆ ಬಾಚಿಸಿಕೊಂಡು, ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ಕಾದಳು. ಮಧ್ಯಾಹ್ನ ಕಳೆಯಿತು. ಸಂಜೆ ಬಂದದ್ದು ಅಪ್ಪ ಅಲ್ಲ, ಯಾರೋ ಇಬ್ಬರು ಗಂಡಸರು. ಅವರು ಚಿಕ್ಕಪ್ಪನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಮೈಸೂರು ರಸ್ತೆಯಲ್ಲಿ, ಇನ್ನೇನು ಕೆಂಗೇರಿ ಬಂತು ಅನ್ನುವಾಗ, ಲಾರಿಯೊಂದು ರಾಮಯ್ಯನ ಸೈಕಲ್ಲನ್ನು ಹೊಡೆದುಕೊಂಡು ಹೋಗಿತ್ತು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ನೆಂಟರು ಮಕ್ಕಳ ಜಾತಕಗಳನ್ನು ಜೋಯಿಸರ ಮುಂದಿಟ್ಟರು. ಜೋಯಿಸರು ಸತ್ಯವತಿಯ ಜಾತಕವನ್ನು ಬಹಳ ಹೊತ್ತು ನೋಡಿದರು. "ಈ ಮಗೂಗೆ ತಂದೆ ಸ್ಥಾನದಲ್ಲಿ ರಾಹು ಕೂತವನೆ. ನೈಋತ್ಯ ಅವನ ದಿಕ್ಕು. ಇವಳು ಆ ದಿಕ್ಕಿಗೆ ಹೋದ್ರೆ ಇವಳಿಗೇನೂ ಆಗಲ್ಲ. ಇವಳ ರಕ್ತ ಹಂಚ್ಕೊಂಡೋರಿಗೆ ಆಗುತ್ತೆ" ಎಂದರು. ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಅಪ್ಪ ಸತ್ತದ್ದು ಲಾರಿಯಿಂದ ಎಂದುಕೊಂಡಿದ್ದಳು. ತನ್ನಿಂದ ಎಂದು ಅವತ್ತು ತಿಳಿಯಿತು.

ಆಮೇಲಿನ ಬದುಕೆಲ್ಲ ಆ ದಿಕ್ಕನ್ನು ತಪ್ಪಿಸಿ ನಡೆದದ್ದೇ. ಶಾಲೆಯಿಂದ ಎಲ್ಲರೂ ಮೈಸೂರಿಗೆ ಪ್ರವಾಸ ಹೋದಾಗ ಹೊಟ್ಟೆನೋವು ಎಂದು ಮನೆಯಲ್ಲಿ ಮಲಗಿದಳು. ಮದುವೆಯಾದ ಮೇಲೆ ಗಂಡನ ಮನೆದೇವರು ಬಿಡದಿ ಆಚೆ ಇದೆ ಎಂದು ತಿಳಿದು, ಅತ್ತೆಯ ಕಾಲು ಹಿಡಿದು ಅತ್ತಳು. ವೆಂಕಟಗಿರಿ ಬಸವೇಶ್ವರನಗರದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟವನು, ಸಮಾಧಾನದ ಮನುಷ್ಯ. ಮೊದಮೊದಲು ನಕ್ಕ, ಆಮೇಲೆ ಬೈದ, ಕೊನೆಗೆ ಸುಮ್ಮನಾದ. ರಾಗಿಣಿ ಹುಟ್ಟಿದ ಮೇಲಂತೂ ಸತ್ಯವತಿಯ ಭಯಕ್ಕೆ ಒಂದು ಮುಖ ಬಂತು. ಅವಳ ರಕ್ತ ಹಂಚಿಕೊಂಡವಳು ಈಗ ಕಣ್ಣೆದುರೇ ಓಡಾಡುತ್ತಿದ್ದಳು.

ಆ ರಾಗಿಣಿಯೇ ಕಾಲೇಜಿನಲ್ಲಿ ಪಾಠ ಹೇಳುವ ಧ್ರುವನನ್ನು ಮೆಚ್ಚಿದಳು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು, ಜಾತಕ ಕೂಡ ಕೂಡಿಬಂತು. ಮನೆ ಮಾತ್ರ ಕೆಂಗೇರಿಯಲ್ಲಿ. ಸತ್ಯವತಿ ವಾರಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ. "ನೀನು ಬರ್ಬೇಡಮ್ಮ, ನಾನೇ ಬಂದು ಹೋಗ್ತೀನಿ" ಎಂದು ಮಗಳು ಮಾತು ಕೊಟ್ಟ ಮೇಲೆ ಮದುವೆಗೆ ಒಪ್ಪಿದಳು. ಮಗಳು ಮಾತು ಉಳಿಸಿಕೊಂಡಳು. ವಾರಕ್ಕೊಮ್ಮೆ ಬಂದು ಊಟ ಮಾಡಿ, ಮಲಗಿ, ಸಂಜೆ ಹೋಗುತ್ತಿದ್ದಳು.

ರಾಗಿಣಿ ಬಸುರಿಯಾದಾಗ ಈ ಏರ್ಪಾಡು ಅಲುಗಾಡಿತು. ಐದು ತಿಂಗಳು ಕಳೆದ ಮೇಲೆ ಡಾಕ್ಟರು ಓಡಾಟ ಕಡಿಮೆ ಮಾಡಿ ಅಂದರು. ಹೆರಿಗೆಗೆ ತವರಿಗೆ ಕರೆತರೋಣ ಎಂದರೆ ಅವಳು ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆ ಕೆಂಗೇರಿಯಲ್ಲೇ ಇತ್ತು. ಮಗಳು ಬರುವಂತಿಲ್ಲ, ತಾಯಿ ಹೋಗುವಂತಿಲ್ಲ. ಸತ್ಯವತಿ ಕಟ್ಟುವ ಕುಚ್ಚಿನ ಗಂಟುಗಳು ತಪ್ಪತೊಡಗಿದವು. ಆಗ ಸೀರೆ ಕೊಡಲು ಬಂದ ಒಬ್ಬಾಕೆ ಯೋಗಾನಂದರ ಹೆಸರು ಹೇಳಿದಳು.

ಯೋಗಾನಂದ ಬಸವೇಶ್ವರನಗರದ ಒಂದು ಮಹಡಿಯ ಮೇಲೆ ಕೋಣೆ ಮಾಡಿಕೊಂಡಿದ್ದರು. ಯಾರು ಎಲ್ಲಿ ಮನೆ ಮಾಡಬೇಕು, ಯಾವ ದೇಶಕ್ಕೆ ಹೋದರೆ ಏಳಿಗೆ, ಯಾವ ಊರಿಗೆ ಕಾಲಿಡಬಾರದು ಎಂದು ಹೇಳುವುದರಲ್ಲಿ ಅವರು ಹೆಸರುವಾಸಿ. ಗೋಡೆಯ ಮೇಲೆ ದೇವರ ಪಟಗಳ ಬದಲು ಒಂದು ದೊಡ್ಡ ಪರದೆ. ಜಾತಕದಲ್ಲಿದ್ದ ಹುಟ್ಟಿದ ದಿನ, ಸಮಯ, ಸ್ಥಳವನ್ನು ಒತ್ತಿದ ಕೂಡಲೇ ಭೂಪಟದ ಮೇಲೆ ಬಣ್ಣಬಣ್ಣದ ಗೆರೆಗಳು ಎದ್ದುಬಂದವು.

"ಪ್ರತಿ ಗ್ರಹಕ್ಕೂ ಒಂದು ಗೆರೆ ಮೇಡಂ. ಈ ಹಳದಿ ಗುರು. ನೀಲಿ ಶನಿ. ಈ ಹೊಗೆ ಬಣ್ಣ ಇದೆಯಲ್ಲ, ಇದು ರಾಹು" ಎಂದು ಯೋಗಾನಂದ ಪಟವನ್ನು ಹಿಗ್ಗಿಸುತ್ತ ಹೋದರು. ಕರ್ನಾಟಕ ಬಂತು, ಬೆಂಗಳೂರು ಬಂತು, ಮೈಸೂರು ರಸ್ತೆ ಬಂತು. ಹೊಗೆ ಬಣ್ಣದ ಗೆರೆ ಕೆಂಗೇರಿಯನ್ನು ಸೀಳಿಕೊಂಡು ಹೋಗಿತ್ತು.

ಸತ್ಯವತಿ ಪರದೆಯ ಹತ್ತಿರಕ್ಕೆ ಬಾಗಿದಳು. ಇಷ್ಟು ವರ್ಷ ಅದು ಬರೀ ಮಾತಾಗಿತ್ತು. ಈಗ ಕಣ್ಣಿಗೆ ಕಾಣುತ್ತಿತ್ತು.

"ಹುಟ್ಟಿದ ಸಮಯ ಪಕ್ಕಾ ತಾನೆ?" ಯೋಗಾನಂದ ಕೇಳಿದರು. "ಕೆಲವು ನಿಮಿಷ ಆಚೀಚೆ ಆದ್ರೂ ಗೆರೆ ಎಲ್ಲಿಂದೆಲ್ಲಿಗೋ ಹೋಗಿಬಿಡುತ್ತೆ."

"ಪಕ್ಕಾ ಸಾರ್. ಜಾತಕದಲ್ಲೇ ಬರೆದಿದೆಯಲ್ಲ."

"ಹಾಗಾದ್ರೆ ಒಂದು ದಾರಿ ಇದೆ. ವಿಜಯನಗರದಿಂದ ಕೆಂಗೇರಿ ನೈಋತ್ಯ. ನೀವು ಪಶ್ಚಿಮಕ್ಕೆ ಸರಿದು ಮನೆ ಮಾಡಿದ್ರೆ ಕೆಂಗೇರಿ ನಿಮಗೆ ದಕ್ಷಿಣ ಆಗುತ್ತೆ. ದಕ್ಷಿಣ ಕುಜನದು. ಕುಜ ನಿಮಗೆ ಒಳ್ಳೆಯವನು. ಗೆರೆ ಅಳಿಸೋಕ್ಕಾಗಲ್ಲ, ಆದ್ರೆ ನೀವು ಹೊರಡೋ ದಿಕ್ಕು ಬದಲಾಗುತ್ತೆ. ಹೊಸ ಮನೇಲಿ ಒಂದು ಮಂಡಲ ವಾಸ ಮಾಡಿ, ಆಮೇಲೆ ಮಗಳನ್ನ ನೋಡೋಕೆ ಹೋಗಿ."

ಒಂದು ಮಂಡಲ ಎಂದರೆ ನಲವತ್ತೆಂಟು ದಿನ. ಹೆರಿಗೆಗೆ ಮುಂಚೆ ಆಗಬೇಕೆಂದರೆ ಈಗಲೇ ಮನೆ ಸಿಗಬೇಕು. ಸತ್ಯವತಿ ಮಾರನೇ ದಿನದಿಂದಲೇ ಬಾಡಿಗೆ ಮನೆ ಹುಡುಕಲು ಶುರುಮಾಡಿದಳು. ಮೊಬೈಲಿನಲ್ಲಿ ದಿಕ್ಸೂಚಿ ಹಾಕಿಸಿಕೊಂಡು, ಸುಂಕದಕಟ್ಟೆಯಲ್ಲಿ ತಮ್ಮನ ಜೊತೆಗಿದ್ದ ತಾಯಿಯನ್ನು ಕರೆದುಕೊಂಡು, ಶ್ರೀಗಂಧದ ಕಾವಲಿನಿಂದ ಆಚೆಗೆ ಹೊಸ ಬಡಾವಣೆಗಳ ಬೀದಿ ಬೀದಿ ತಿರುಗಿದಳು. ಮನೆ ತೋರಿಸುವವರು ನೀರು ಹೇಗಿದೆ, ಗಾಳಿ ಬೆಳಕು ಹೇಗಿದೆ ಎಂದು ಹೇಳುತ್ತಿದ್ದರೆ ಅವಳು ಅಂಗಳದ ಮಧ್ಯೆ ನಿಂತು ಅಂಗೈಯಲ್ಲಿ ಮೊಬೈಲ್ ಹಿಡಿದು ಸುತ್ತುತ್ತಿದ್ದಳು. ಮುಳ್ಳು ನಡುಗುತ್ತಿತ್ತು. ಒಂದು ಮನೆಯಿಂದ ಕೆಂಗೇರಿ ಸ್ವಲ್ಪ ನೈಋತ್ಯಕ್ಕೆ ಜರುಗಿತ್ತು. ಇನ್ನೊಂದು ಮನೆಯಲ್ಲಿ ಕಬ್ಬಿಣದ ಗೇಟಿನ ಹತ್ತಿರ ನಿಂತರೆ ಒಂದು ದಿಕ್ಕು, ಕೋಣೆಯೊಳಗೆ ನಿಂತರೆ ಒಂದು ದಿಕ್ಕು.

"ಕಾಲು ನೋಯ್ತದೆ ಕಣವ್ವ, ಸಾಕು" ಎಂದು ಪಾಪಮ್ಮ ಒಂದು ಮನೆಯ ಮೆಟ್ಟಿಲ ಮೇಲೆ ಕೂತರು. ಆಗಲೇ ಸತ್ಯವತಿಯ ಕೈಯಲ್ಲಿದ್ದ ಮೊಬೈಲು ಬಡಿದುಕೊಂಡಿತು. ರಾಗಿಣಿ.

"ಅಮ್ಮ, ರಕ್ತ ಹೋಗ್ತಾ ಇದೆ."

"ಏನು? ಬಿದ್ಯಾ? ಏನಾಯ್ತೇ?"

"ಬಿದ್ದಿಲ್ಲ. ಸುಮ್ನೆ ಎದ್ದೆ ಅಷ್ಟೆ. ಧ್ರುವ ತುಮಕೂರಲ್ಲಿ ಎಕ್ಸಾಮ್ ಡ್ಯೂಟೀಲಿದಾರೆ, ಫೋನ್ ಎತ್ತುತಾ ಇಲ್ಲ. ಎದುರು ಮನೆಗೆ ಬೀಗ ಹಾಕಿದೆ. ಆಂಬುಲೆನ್ಸ್‌ಗೆ ಹೇಳಿದೀನಿ, ಬರುತ್ತೆ ಅಂದ್ರು. ಬಾಗಿಲ ಚಿಲಕ ತೆಗೆದು ಮಲಗಿದೀನಿ. ನೀನು ಬಾ ಅಮ್ಮ. ಭಯ ಆಗ್ತಿದೆ."

ಎರಡು ವರ್ಷದಲ್ಲಿ ರಾಗಿಣಿ ಬಾ ಎಂದು ಕರೆದದ್ದು ಅದೇ ಮೊದಲು.

ಸತ್ಯವತಿ ಗಂಡನಿಗೆ ಫೋನ್ ಮಾಡಿದಳು. "ನಾನು ಈಗಲೇ ಅಂಗಡಿ ಮುಚ್ಚಿ ಹೊರಡ್ತೀನಿ" ಎಂದ ವೆಂಕಟಗಿರಿ. "ಆದ್ರೆ ಈ ಟ್ರಾಫಿಕ್‌ನಲ್ಲಿ ನಾನು ತಲುಪೋದು ತಡ ಆಗುತ್ತೆ. ನೀನು ಹತ್ರ ಇದೀಯ ಸತ್ಯ. ಉಲ್ಲಾಳದ ಕಡೆಯಿಂದ ಹೋದ್ರೆ ಬೇಗ." ತಡೆದು, ಮೆತ್ತಗೆ, "ಹೋಗ್ತೀಯಲ್ಲ?" ಎಂದ.

ಸತ್ಯವತಿ ಫೋನ್ ಇಟ್ಟಳು. ಹೋಗದಿದ್ದರೆ ಮಗಳು ಒಬ್ಬಳೇ ರಕ್ತದಲ್ಲಿ ಮಲಗಿರುತ್ತಾಳೆ. ಹೋದರೆ, ಕರೆತರಲು ಹೊರಟ ಅಪ್ಪನಿಗೆ ಆದದ್ದು ಮಗಳಿಗೂ ಆಗುತ್ತದೆ. ಎರಡೂ ಕಡೆ ಸಾವೇ ನಿಂತಿತ್ತು. ಅಷ್ಟರಲ್ಲಿ ಪಾಪಮ್ಮ ಕೈಬೀಸಿ ಆಟೋ ನಿಲ್ಲಿಸಿಯಾಗಿತ್ತು.

ಆಟೋ ಉಲ್ಲಾಳದ ರಸ್ತೆಯಲ್ಲಿ ಗುಂಡಿ ಹಾರುತ್ತ ಓಡಿತು. ಸತ್ಯವತಿ ಕಣ್ಣು ಮುಚ್ಚಿಕೊಂಡಿದ್ದಳು. ಮುಚ್ಚಿದ ಕಣ್ಣೊಳಗೆ ಹೊಗೆ ಬಣ್ಣದ ಗೆರೆ ದಪ್ಪವಾಗುತ್ತ ಬರುತ್ತಿತ್ತು. ಕಣ್ಣು ತೆರೆದರೆ ಮುಂದೆ ಒಂದು ಲಾರಿ, ಅದರ ಹಿಂಭಾಗ ತುಂಬ ಹತ್ತಿರ. ಮೈಸೂರು ರಸ್ತೆಯ ಸದ್ದು ಕೇಳಿಸುವಷ್ಟು ಹತ್ತಿರ ಬಂದಾಗ ಅವಳು, "ನಿಲ್ಸಿ, ಅಣ್ಣ, ನಿಲ್ಸಿ" ಎಂದು ಚೀರಿದಳು. ಆಟೋ ನಿಂತಿತು. ಅವಳು ಇಳಿದು ರಸ್ತೆ ಬದಿಯ ಮೋರಿ ಕಲ್ಲಿನ ಹತ್ತಿರ ಹೋಗಿ ವಾಂತಿ ಮಾಡಿಕೊಂಡಳು.

"ನಾನು ಬರಲ್ಲಮ್ಮ" ಎಂದಳು. "ನಾನು ಬಂದ್ರೆ ಅವಳು ಉಳಿಯಲ್ಲ. ನೀನು ಹೋಗು. ನಿನ್ ಕಾಲಿಗೆ ಬೀಳ್ತೀನಿ, ನೀನು ಹೋಗು."

ಪಾಪಮ್ಮ ಆಟೋದಿಂದ ತಲೆ ಹೊರಹಾಕಿ ಮಗಳನ್ನು ನೋಡಿದರು. ಗಂಡ ಸತ್ತ ಮೇಲೆ ಅವರೂ ಈ ರಸ್ತೆಗೆ ಬಂದದ್ದು ಕಡಿಮೆ. "ಆಯ್ತು, ನಾನು ಹೋಗ್ತೀನಿ" ಎಂದರು. "ನಂಗೆ ಎತ್ತೋಕ್ಕಾಗಲ್ಲ, ಹಿಡಿಯೋಕ್ಕಾಗಲ್ಲ. ಪಕ್ಕದಲ್ಲಿ ಕೂತ್ಕೊತೀನಿ." ಆಮೇಲೆ, ಏನೋ ಸಣ್ಣ ವಿಷಯ ಹೇಳುವವರಂತೆ, "ಆ ಜಾತಕನ ಏನಂತ ಇಷ್ಟು ನಂಬ್ಕೊಂಡೆಯೋ. ನೀನು ಹುಟ್ದಾಗ ಮನೇಲಿ ಗಡಿಯಾರ ಎಲ್ಲಿತ್ತು?" ಎಂದರು.

ಸತ್ಯವತಿ ಬಾಯಿ ಒರೆಸಿಕೊಳ್ಳುತ್ತಿದ್ದವಳು ನಿಂತಳು. "ಏನಂದೆ?"

"ಜೋಯಿಸರು ಎಷ್ಟೊತ್ತಿಗೆ ಹುಟ್ತು ಅಂತ ಕೇಳಿದ್ರು. ನಿಮ್ ತಾತ ದನ ಕಟ್ತಾ ಇದ್ರು, ದನ ಬರೋ ಹೊತ್ತು ಅಂದ್ರು. ಅದಕ್ಕೆ ಅವರೇ ಒಂದು ಗಂಟೆ ಬರ್ಕೊಂಡ್ರು. ನಿಜ ಹೇಳ್ಬೇಕು ಅಂದ್ರೆ ಆಗ ದೀಪ ಹಚ್ಚಿತ್ತೋ ಇಲ್ವೋ ನಂಗೇ ಗೊತ್ತಿಲ್ಲ. ಪ್ರಜ್ಞೆ ಎಲ್ಲಿತ್ತು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಈ ರಸ್ತೆಗೆ ಬರ್ತಿದ್ದೆ." ಪಾಪಮ್ಮನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ನಿಮ್ಮಪ್ಪನ್ನ ಈ ರಸ್ತೆಗೆ ಕಳ್ಸಿ ನೋಡಿದೀನಿ. ನೀನು ಬರ್ದೆ ಇದ್ರೆ ಸಾಕು ಅನ್ಸಿತ್ತು."

ಆಟೋದವನು ಹಾರ್ನ್ ಹೊಡೆದ. "ಆಂಟಿ, ಬರ್ತೀರೋ ಇಲ್ವೋ? ಎಮರ್ಜೆನ್ಸಿ ಅಂದ್ರಿ."

ಸತ್ಯವತಿ ಹತ್ತಿ ಕೂತಳು. ಧೈರ್ಯ ಬಂದು ಹತ್ತಿದ್ದಲ್ಲ. ಎಂಬತ್ತರ ಹತ್ತಿರದ ತಾಯಿ ಒಬ್ಬರೇ ರಾಗಿಣಿಯ ಮನೆಯ ಮೆಟ್ಟಿಲು ಹತ್ತುವುದು ಕಣ್ಣಿಗೆ ಕಟ್ಟಿತು, ಅಷ್ಟೆ.

ಮೊದಲ ಮಹಡಿಯ ಬಾಗಿಲು ಸ್ವಲ್ಪ ತೆರೆದಿತ್ತು. ಮೊಬೈಲಿನಲ್ಲಿ ಎಷ್ಟೋ ಸಲ ಕಂಡ ಪರದೆ, ಎಷ್ಟೋ ಸಲ ಕಂಡ ಸೋಫಾ. ನಿಜವಾದ ಮನೆ ಇನ್ನೂ ಚಿಕ್ಕದಾಗಿತ್ತು. ಹೊಸ್ತಿಲ ಹೊರಗೆ ಸತ್ಯವತಿಯ ಕಾಲು ಮತ್ತೆ ನಿಂತುಹೋಯಿತು. ಒಳಗಿಂದ ಏನೂ ಕೇಳಿಸುತ್ತಿರಲಿಲ್ಲ. ಎಲ್ಲ ಮುಗಿಯಿತು, ತಾನು ಬಂದದ್ದೇ ಮುಗಿಯಿತು ಎಂದು ಅವಳಿಗೆ ಖಾತ್ರಿಯಾಯಿತು.

"ಯಾರು?" ಎಂದಿತು ಒಳಗಿನ ದನಿ.

ಆಮೇಲೆ ಹೊಸ್ತಿಲು ದಾಟಿದ್ದು ಅವಳಿಗೆ ನೆನಪಿಲ್ಲ. ರಾಗಿಣಿ ಕೋಣೆಯ ನೆಲದ ಮೇಲೆ ಮಗ್ಗುಲಾಗಿ ಮಲಗಿದ್ದಳು, ಕೆಳಗೆ ಹಾಸಿದ್ದ ಹಚ್ಚಡ ಒದ್ದೆಯಾಗಿತ್ತು. ಮುಖ ಬೆಳ್ಳಗೆ ಬಿಳಿಚಿಕೊಂಡಿತ್ತು. ತಾಯಿಯನ್ನು ಕಂಡು ಅವಳು ಅಳಲಿಲ್ಲ, ಬೆರಗಾದಳು. "ಬಂದ್ಯಾ?" ಎಂದಳು. ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ಸತ್ಯವತಿ ಕೂಗಿ ಆಟೋದವನನ್ನು ಮೇಲೆ ಕರೆದಳು. ಅವನೂ ಅವಳೂ ಸೇರಿ ರಾಗಿಣಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಆಸ್ಪತ್ರೆ ಮುಟ್ಟುವವರೆಗೂ ಮಗಳ ತಲೆ ಅವಳ ಮಡಿಲಲ್ಲಿತ್ತು. ಪ್ರತಿ ತಿರುವಿನಲ್ಲೂ ಅವಳು ಮಗಳ ಮೂಗಿನ ಬಳಿ ಬೆರಳಿಟ್ಟು ನೋಡಿದಳು.

ಸಂಜೆಯ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು. ಮಗುವಿನ ಮಾಸು ತುಂಬ ಕೆಳಗೆ ಕೂತಿದೆ, ಅದಕ್ಕೇ ರಕ್ತ ಹೋಗಿದೆ, ಈಗ ನಿಂತಿದೆ, ಮಗುವಿನ ಎದೆ ಬಡಿತ ಚೆನ್ನಾಗಿದೆ ಎಂದರು. ವೆಂಕಟಗಿರಿ ಗೋಡೆಗೆ ಒರಗಿ ಕೂತುಬಿಟ್ಟ. ಧ್ರುವ ಆಗಷ್ಟೇ ತುಮಕೂರಿನಿಂದ ಬಂದು ನಿಂತಿದ್ದ.

"ಆದ್ರೆ ಯಾವಾಗ ಬೇಕಾದ್ರೂ ಮತ್ತೆ ಆಗಬಹುದು" ಎಂದರು ಡಾಕ್ಟರಮ್ಮ. "ಹೆರಿಗೆವರೆಗೂ ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ. ದೂರ ಎಲ್ಲೂ ಕರ್ಕೊಂಡು ಹೋಗ್ಬೇಡಿ, ಆಸ್ಪತ್ರೆ ಹತ್ರಾನೇ ಇರಲಿ. ಜೊತೇಲಿ ಯಾವಾಗ್ಲೂ ಒಬ್ರು ಇರ್ಬೇಕು. ಯಾರಿರ್ತೀರಿ?"

ಬೇರೆ ಮನೆಯಲ್ಲಿದ್ದ ಧ್ರುವನ ತಾಯಿ ಮಂಡಿ ಚಿಪ್ಪು ಬದಲಾಯಿಸಿಕೊಂಡು ತಾವೇ ಮಲಗಿದ್ದರು. ಎಲ್ಲರೂ ಸತ್ಯವತಿಯನ್ನು ನೋಡದಿರಲು ಪ್ರಯತ್ನಿಸುತ್ತಿದ್ದರು. "ಅತ್ತೆ, ನಿಮಗೆ ಕಷ್ಟ ಆದ್ರೆ ನಾನು ರಜೆ ಹಾಕ್ತೀನಿ" ಎಂದ ಧ್ರುವ.

"ನಾನಿರ್ತೀನಿ" ಎಂದಳು ಸತ್ಯವತಿ.

ಮಾರನೇ ದಿನ ಆಸ್ಪತ್ರೆಯ ಕಾರಿಡಾರಿನಿಂದ ಯೋಗಾನಂದರಿಗೆ ಫೋನ್ ಮಾಡಿ, ಹುಟ್ಟಿದ ಸಮಯ ಯಾರಿಗೂ ಗೊತ್ತಿಲ್ಲವಂತೆ ಎಂದು ಹೇಳಿದಳು. "ಹಾಗಾದ್ರೆ ಗೆರೆ ಎಲ್ಲಿದೆ ಅಂತ ಹೇಳೋಕ್ಕಾಗಲ್ಲ ಮೇಡಂ" ಎಂದರು. "ಎಲ್ಲಿ ಬೇಕಾದ್ರೂ ಇರಬಹುದು."

ಈ ಮಾತಿನಿಂದ ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಭಯಕ್ಕೆ ಒಂದು ಮೂಲೆ ಇತ್ತು, ಆ ಮೂಲೆಗೆ ಬೆನ್ನು ಹಾಕಿ ಬದುಕಬಹುದಿತ್ತು. ಈಗ ಆ ಗೆರೆ ವಿಜಯನಗರದ ಅವಳ ಅಡುಗೆಮನೆಯ ಕೆಳಗೂ ಹಾಯ್ದಿರಬಹುದು. ರಾಗಿಣಿ ಆಡಿ ಬೆಳೆದ ಅಂಗಳದಲ್ಲೂ ಇದ್ದಿರಬಹುದು. ಎತ್ತ ತಿರುಗಿ ಮಲಗಬೇಕೋ ತಿಳಿಯಲಿಲ್ಲ.

ಕೆಂಗೇರಿಯ ಆ ಮನೆಯಲ್ಲಿ ಹೆರಿಗೆಗೆ ಮುಂಚೆಯೇ ಅವಳು ಎರಡು ತಿಂಗಳು ಇದ್ದಳು. ಮೊದಲ ವಾರ ಯಾವ ಸಾಮಾನನ್ನೂ ಗಟ್ಟಿಯಾಗಿ ಮುಟ್ಟಲಿಲ್ಲ. ಗ್ಯಾಸ್ ಹಚ್ಚುವಾಗ ಕೈ ಹಿಂದೆಗೆಯುತ್ತಿದ್ದಳು, ಸ್ವಿಚ್ಚು ಒತ್ತುವಾಗ ದೇವರನ್ನು ನೆನೆಯುತ್ತಿದ್ದಳು. ಮಗಳು ನಿದ್ದೆ ಹೋದರೆ ಇವಳಿಗೆ ದಿಗಿಲು, ಎದ್ದು ಕೂತರೆ ದಿಗಿಲು. ನೆಲದ ಮೇಲೆ ಕೆಂಪಗೆ ಏನು ಬಿದ್ದಿದ್ದರೂ, ಕುಂಕುಮವಾಗಲಿ, ಬೀಟ್‌ರೂಟಿನ ಸಿಪ್ಪೆಯಾಗಲಿ, ಬಗ್ಗಿ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಮಗಳ ಮೂಗಿನ ಬಳಿ ಬೆರಳಿಟ್ಟು ಬಾಗಿದ್ದಾಗ ರಾಗಿಣಿ ಕಣ್ಣು ತೆರೆಯದೆಯೇ, "ಬದುಕಿದೀನಿ ಕಣಮ್ಮ. ಹೋಗಿ ಅನ್ನಕ್ಕಿಡು, ಹಸಿವು" ಎಂದಳು. ಸತ್ಯವತಿಗೆ ನಗು ಬಂತು. ಆ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು. ನಕ್ಕು ಅಡುಗೆಮನೆಗೆ ಹೋದವಳು ಅಕ್ಕಿ ತೊಳೆಯುತ್ತ ಬಹಳ ಹೊತ್ತು ಅತ್ತಳು.

ಅದೇ ದಿನ ಸಂಜೆ ಮಗಳ ಪಕ್ಕದಲ್ಲಿ ಕೂತು, ಅವಳಿಗೆ ಗೊತ್ತಿರದ ಅರ್ಧವನ್ನೂ ಹೇಳಿದಳು. ಜಗಲಿ, ಬಟ್ಟೆಯ ಗಂಟು, ಬಾಗಿಲ ಹಿಂದೆ ಕೇಳಿದ ಮಾತು, ಎಲ್ಲವನ್ನೂ. ರಾಗಿಣಿ ಪೂರ್ತಿ ಕೇಳಿದಳು. ಕೊನೆಗೆ, "ಅಷ್ಟು ಚಿಕ್ಕ ಹುಡುಗೀಗೆ ಹಾಗೆ ಹೇಳ್ತಾರಾ ಯಾರಾದ್ರೂ?" ಎಂದಳು. ಆ ಮಾತನ್ನು ಸತ್ಯವತಿ ಯಾವತ್ತೂ ಹಾಗೆ ಯೋಚಿಸಿರಲಿಲ್ಲ.

ಮತ್ತೆ ಒಮ್ಮೆ ರಕ್ತ ಕಂಡಿತು. ಅವತ್ತೇ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು ಮಗು, ತೂಕ ಕಡಿಮೆ. ಹತ್ತಾರು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಆ ದಿನಗಳಲ್ಲಿ ಸತ್ಯವತಿ ಗಾಜಿನ ಆಚೆ ನಿಂತು ನೋಡುತ್ತಿದ್ದಳೇ ಹೊರತು ಹತ್ತಿರ ಹೋಗಲಿಲ್ಲ. ಮಗುವನ್ನು ಮನೆಗೆ ಕರೆತಂದ ಮೇಲೆ, ಎಣ್ಣೆ ಹಚ್ಚಿ ನೀರು ಹಾಕುವವರು ಬೇರೆ ಯಾರೂ ಇಲ್ಲದೆ, ಅವಳೇ ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಳು.

ಈಗ ಆ ಮಗು ಅಂಬೆಗಾಲಿಡುತ್ತದೆ. ರಾಗಿಣಿ ಮತ್ತೆ ಕೆಲಸಕ್ಕೆ ಹೋಗುತ್ತಾಳೆ. ವಾರದಲ್ಲಿ ಮೂರು ದಿನ ಸತ್ಯವತಿ ಕಟ್ಟಬೇಕಾದ ಸೀರೆಗಳನ್ನು ಚೀಲಕ್ಕೆ ಹಾಕಿಕೊಂಡು ವಿಜಯನಗರದಲ್ಲಿ ಮೆಟ್ರೋ ಹತ್ತುತ್ತಾಳೆ. ಭಯ ಹೋಯಿತೇ ಎಂದು ವೆಂಕಟಗಿರಿ ಒಂದು ಸಲ ಕೇಳಿದ. ಇಲ್ಲ ಎಂದಳು. ಅವನು ಮತ್ತೆ ಕೇಳಲಿಲ್ಲ. ಅವಳು ಹೊರಡುವ ದಿನ ನಿಲ್ದಾಣದವರೆಗೆ ಬಂದು ಬಿಟ್ಟುಹೋಗುತ್ತಾನೆ.

ಮೈಸೂರು ರಸ್ತೆ ನಿಲ್ದಾಣ ದಾಟಿ ರೈಲು ಬಾಗಿದಾಗ ಅವಳ ಅಂಗೈ ಇವತ್ತಿಗೂ ಬೆವರುತ್ತದೆ. ಕೆಳಗೆ ಲಾರಿಗಳು ಸಾಲಾಗಿ ಹೋಗುವುದು ಕಾಣುತ್ತದೆ. ಮೊನ್ನೆ ಹಾಗೆ ಕಂಬಿ ಹಿಡಿದು ನಿಂತಿದ್ದಾಗ ಕಾಲೇಜು ಹುಡುಗಿಯೊಬ್ಬಳು ಎದ್ದು, "ಕೂತ್ಕೊಳಿ ಆಂಟಿ. ಹುಷಾರಿಲ್ವಾ?" ಎಂದು ಕೇಳಿದಳು.

"ಹುಷಾರಿದೀನಿ ಕಣಮ್ಮ" ಎಂದಳು ಸತ್ಯವತಿ. "ಈ ದಾರಿ ನಂಗೆ ಹೊಸದು." ಹುಡುಗಿ ಬಿಟ್ಟುಕೊಟ್ಟ ಜಾಗದಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.